ಫೈಬರ್‌ಗೆ ಯಾವ ಪದ: ನಾರೋ, ಎಳೆಯೋ, ನೂಲೋ?

ಎಲ್ಲರಿಗೂ ನಮಸ್ಕಾರ.

ಅಪರಾಧ ತನಿಖೆಯಲ್ಲಿ, ಬಟ್ಟೆಯಿಂದ ಉದುರುವ ಫೈಬರ್‌ಗಳ ಪರೀಕ್ಷೆ ಹೇಗೆ ನಡೆಯುತ್ತದೆ ಎನ್ನುವ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಕೊಂಡೆ. ಫೈಬರ್‌ಗೆ ನಾರು, ಎಳೆ, ನೂಲು, ತಂತು ನಾಲ್ಕೂ ಬಳಕೆಯಲ್ಲಿವೆ. ಯಾವುದನ್ನು ಹಿಡಿಯಲಿ?

ಇಲ್ಲಿ ಪದ ತಪ್ಪಿದರೆ ಸಾಕ್ಷ್ಯದ ಅರ್ಥವೇ ತಪ್ಪುತ್ತದೆ. ‘ಅಂಗಿಯ ಮೇಲೆ ನೂಲು ಸಿಕ್ಕಿತು’ ಎಂದು ಬರೆದರೆ, ಬಟ್ಟೆ ಹರಿದಿದೆ, ಎಳೆದಾಟ ಆಗಿದೆ ಎಂದೇ ಓದುವವರಿಗೆ ಅನ್ನಿಸುತ್ತದೆ. ಏಕೆಂದರೆ ನೂಲು ಅಂದರೆ ಹಲವು ಎಳೆ ಸೇರಿಸಿ ಹೊಸೆದದ್ದು. ಫೈಬರ್ ಉದುರುವುದಕ್ಕೆ ಅಷ್ಟೆಲ್ಲ ಆಗಬೇಕಿಲ್ಲ. ಉಣ್ಣೆಯ ಸ್ವೆಟರ್ ಹಾಕಿದವರು ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕೂತು ಎದ್ದರೂ ನಾಲ್ಕಾರು ಅಂಟಿಕೊಂಡಿರುತ್ತವೆ. ಅಂಟುಟೇಪ್ ಒತ್ತಿ ತೆಗೆದು ಬೆಳಕಿಗೆ ಹಿಡಿದರೆ ಮಾತ್ರ ಕಣ್ಣಿಗೆ ಬೀಳುವಷ್ಟು ಸಣ್ಣವು. ಅವನ್ನು ನೂಲು ಅನ್ನೋಕೆ ಆಗಲ್ಲ ಅಲ್ವಾ?

ಸೆಣಬು, ಅಗಸೆ, ಕತ್ತಾಳೆಗೆ ನಾರು ಒಳ್ಳೆಯ ಪದ. ‘ಹೂವಿನ ಜೊತೆ ನಾರೂ ಸ್ವರ್ಗಕ್ಕೆ’ ಅನ್ನುವಾಗಲೂ ನಮ್ಮ ಮನಸ್ಸಿನಲ್ಲಿರುವುದು ಗಿಡದಿಂದ ಸೀಳಿ ತೆಗೆದದ್ದೇ. ಆದರೆ ಉಣ್ಣೆ ಪ್ರಾಣಿಯ ಕೂದಲು, ರೇಷ್ಮೆ ಹುಳು ಉಗುಳಿದ್ದು. ‘ಉಣ್ಣೆಯ ನಾರು’ ನನ್ನ ಕಿವಿಗೆ ಒಗ್ಗುತ್ತಿಲ್ಲ. ಎಳೆ ಅಂದರೆ ಎಲ್ಲಕ್ಕೂ ಹೊಂದುತ್ತದೆ. ಮೈಕ್ರೋಸ್ಕೋಪಿನಲ್ಲಿ ಹತ್ತಿಯ ಎಳೆ ತಿರುಚಿದ ಚಪ್ಪಟೆ ರಿಬ್ಬನ್ ಹಾಗೆ ಕಾಣುತ್ತದೆ, ಉಣ್ಣೆಯ ಎಳೆಯ ಮೇಲೆ ಹುರುಪೆಗಳಿರುತ್ತವೆ. ಹೀಗೆ ಬರೆದರೆ ಎಲ್ಲೂ ತೊಡಕಿಲ್ಲ. ತಂತು ಬೇಡ. ಅದನ್ನು ಕೇಳಿದರೆ ಬಲ್ಬಿನೊಳಗಿನದು ನೆನಪಾಗುತ್ತದೆ.

ನೈಲಾನ್‌ನಂಥ ಎಳೆಯ ಮೂಲವಸ್ತುವಿಗೆ ಪಾಲಿಮರ್ ಎನ್ನುವ ಪದ ಹಾಗೇ ಇರಲಿ. ಸಾವಿರಾರು ಸಣ್ಣ ಕೊಂಡಿ ಸೇರಿದ ಉದ್ದ ಸರಪಳಿ ಎಂದು ಒಮ್ಮೆ ಹೇಳಿದರೆ ಸಾಕು.

ನಿಜವಾದ ಕಷ್ಟ ನೈಲಾನ್ ಬಂದಾಗ. ಕರಗಿಸಿದ ಪಾಲಿಮರನ್ನು ಸಣ್ಣ ತೂತುಗಳಿಂದ ಒತ್ತಿ ಎಳೆ ತೆಗೆಯುತ್ತಾರೆ. ಇಂಗ್ಲಿಷಿನಲ್ಲಿ ಇದೂ ಸ್ಪಿನ್ನಿಂಗೇ. ಆದರೆ ಇಲ್ಲಿ ಹೊಸೆಯುವುದೇ ಇಲ್ಲ, ‘ನೂಲುವುದು’ ಅಂದರೆ ತಪ್ಪು ಚಿತ್ರ ಮೂಡುತ್ತದೆ. ‘ಎಳೆ ತೆಗೆಯುವುದು’ ಸಾಕೇ? ಈ ಹೆಜ್ಜೆಯನ್ನು ಸುಮ್ನೆ ಬಿಟ್ಟು ಮುಂದೆ ಹೋಗುವ ಹಾಗೂ ಇಲ್ಲ. ಎಳೆಯನ್ನು ಅಡ್ಡ ಕೊಯ್ದಾಗ ಕಾಣುವ ಆಕಾರಕ್ಕೆ ಆ ತೂತಿನ ಆಕಾರವೇ ಮೂಲ. 1982ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ವೇಯ್ನ್ ವಿಲಿಯಮ್ಸ್ ಎಂಬ ಕೊಲೆ ಆರೋಪಿಯ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷ್ಯವಾದದ್ದು ಅಪರೂಪದ ಮೂರು ಹಾಲೆ ಆಕಾರದ ಹಸಿರು ಕಾರ್ಪೆಟ್ ಎಳೆ.

ಇನ್ನೆರಡು ಪದ ಬೇಕು. ಹೀಗೆ ತೆಗೆದು ಕತ್ತರಿಸದೆ ಬಿಟ್ಟ ಎಳೆ ಫಿಲಮೆಂಟ್, ಹತ್ತಿಯ ಹಾಗೆ ಗಿಡ್ಡವಿದ್ದರೆ ಸ್ಟೇಪಲ್. ‘ನೀಳೆಳೆ’, ‘ತುಂಡೆಳೆ’ ಎಂದು ಬರೆದು ನೋಡಿದೆ. ಎರಡನೆಯದು ಪರವಾಗಿಲ್ಲ, ಮೊದಲನೆಯದು ಬಾಯಲ್ಲಿ ತೊಡರುತ್ತದೆ.

ಕೊನೆಯದಾಗಿ, ಎರಡು ಎಳೆ ಮ್ಯಾಚ್ ಆದವು ಎನ್ನುವುದಕ್ಕೆ ಏನು ಹೇಳೋಣ? ಒಂದೇ ಬಣ್ಣದ, ಒಂದೇ ಬಗೆಯ ಬಟ್ಟೆ ಸಾವಿರಗಟ್ಟಲೆ ತಯಾರಾಗುತ್ತದೆ. ‘ಅದೇ ಬಟ್ಟೆಯ ಎಳೆ’ ಅಂದರೆ ಜಾಸ್ತಿ ಹೇಳಿದಂತೆ, ‘ಹೋಲುತ್ತದೆ’ ಅಂದರೆ ಕಡಿಮೆ. ಇವೆರಡರ ನಡುವೆ ನಿಲ್ಲುವ ಕನ್ನಡ ಪದ ನಿಮಗೆ ಹೊಳೆದರೆ ತಿಳಿಸಿ.