ಮಿರ್-122 ತಡೆದರ ಜೀನ್ ಏರಬೇಕಲ್ಲ, ಇಳದಾವ ಯಾಕ?

ತೊಗರಿಹೊಲ (ಕಲಬುರಗಿ):
ನಮಸ್ಕಾರ್ರಿ. ಎಂಎಸ್ಸಿ ಪ್ರಾಜೆಕ್ಟಿಗೆ ಜಿಯೋ (GEO) ಅನ್ನೋ ಆನ್‌ಲೈನ್ ಜೀನ್ ಡೇಟಾ ಭಂಡಾರದಾಗಿನ ಮೈಕ್ರೊಅರೇ (ಸಾವಿರಾರು ಜೀನುಗಳ ಮಟ್ಟ ಒಮ್ಮೆಲೇ ಅಳೆಯೋ ವಿಧಾನ) ಡೇಟಾ ತಗೊಂಡೀನಿ. ಒಂದು ಗುಂಪಿನ ಇಲಿಗಳಿಗೆ ಮಿರ್-122 ಅನ್ನೋ ಮೈಕ್ರೊಆರ್‌ಎನ್‌ಎ (ಒಂದು ಸಣ್ಣ ಆರ್‌ಎನ್‌ಎ ತುಣುಕು) ತಡೆಯೋ ಆಂಟಾಗೊಮಿರ್ ಕೊಟ್ಟಾರ, ಇನ್ನೊಂದಕ್ಕ ಬರೇ ಸಲೈನ್. ಮೈಕ್ರೊಆರ್‌ಎನ್‌ಎ ಜೀನುಗಳನ್ನ ಒತ್ತಿ ಹಿಡಿತದ, ತಡೆದರ ಏರಬೇಕಲ್ಲ? ಯಕೃತ್ತಿನಾಗ ಇಳದವೂ ಬಾಳ ಅದಾವ, ಅದ್ರಾಗ ಕೊಲೆಸ್ಟೆರಾಲ್ ತಯಾರಿಸೋವು ಎದ್ದು ಕಾಣ್ತಾವ. ಏರಿದವುಗಳ 3' ಯುಟಿಆರ್‌ನಾಗ (ಎಂಆರ್‌ಎನ್‌ಎದ ತುದಿಯಾಗಿನ, ಪ್ರೋಟೀನ್ ಆಗದ ಭಾಗ) ಸೀಡ್ (ಮೈಕ್ರೊಆರ್‌ಎನ್‌ಎ ಗುರಿಯನ್ನ ಹಿಡಿಯೋ ಸಣ್ಣ ಸಾಲು) ಹುಡುಕಿದೆ, ಜಿಜಿಎಜಿಟಿಜಿಟಿ ಅಂತ ಕೊಟ್ಟು. ಬ್ಯಾರೆ ಜೀನುಗಳಿಗಿಂತ ಹೆಚ್ಚೇನೂ ಸಿಗವಲ್ದು. ಎರಡು ಪಟ್ಟಿಗಿಂತ ಕಮ್ಮಿ ಬದಲಾದವನ್ನ ಬಿಟ್ಟೀನಿ. ಮೂರು ದಿನ ಆತು ಇದರಾಗೇ ಕುಂತು.

ಬಿದ್ರಿಕುಸುರಿ (ಬೀದರ್):
ಆಲ್ಡೋಲೇಸ್-ಎ ಅನ್ನೋ ಜೀನ್ ಏರ್ಯದೇನು, ಮೊದಲ ಅದನ್ನ ನೋಡ್ರಿ. ಮಿರ್-122ರ ನೇರ ಗುರಿ ಅದು. ಏರಿದ್ದರ ತಡೆ ಕೆಲಸ ಮಾಡ್ಯದ, ಡೇಟಾ ಮ್ಯಾಲ ಅನುಮಾನ ಬ್ಯಾಡ.

ತಪ್ಪು ನಿಮ್ಮ ಹುಡುಕಾಟದಾಗ ಅದ. ನೀವು ಕೊಟ್ಟಿದ್ದು ಮೈಕ್ರೊಆರ್‌ಎನ್‌ಎದ್ದೇ ಸೀಡ್, 2ರಿಂದ 8ನೇ ಅಕ್ಷರ. ಯುಟಿಆರ್‌ನಾಗ ಇರೋದು ಅದಕ್ಕ ಜೋಡಿಯಾಗೋ ಸಾಲು: ಎದಕ್ಕ ಟಿ, ಜಿದಕ್ಕ ಸಿ ಹಾಕಿ, ಹಿಂದಿನಿಂದ ಮುಂದಕ ಬರೀರಿ. ಎಸಿಎಸಿಟಿಸಿಸಿ ಬರ್ತದ. ಅದನ್ನ ಕೊಟ್ಟು ಹುಡುಕ್ರಿ. ಯುಟಿಆರ್ ಫೈಲು ಇಲಿಯದ್ದೇ ಇರ್ಲಿ, ಮನುಷ್ಯರದ್ದು ಬ್ಯಾಡ.

ಎರಡು ಪಟ್ಟಿನ ಗಡಿನೂ ತಗೀರಿ. ಮೈಕ್ರೊಆರ್‌ಎನ್‌ಎ ಒಂದೊಂದು ಗುರಿಯನ್ನ ಸ್ವಲ್ಪಸ್ವಲ್ಪೇ ಒತ್ತತದ. ನಿಮ್ಮ ಜರಡಿಯಾಗ ಕಾಳೇ ಹೊಟ್ಟಿನ ಸಂಗಾಟ ಹೋಗ್ಯಾವ. ಎಲ್ಲಾ ಜೀನುಗಳನ್ನ ಇಟ್ಕೊಂಡು, ಸೀಡ್ ಜೋಡಿ ಇದ್ದವು, ಇಲ್ಲದವು ಅಂತ ಎರಡು ಗುಂಪು ಮಾಡಿ ಬದಲಾವಣೆ ಹೋಲಿಸ್ರಿ.

ತೊಗರಿಹೊಲ:
ಸರ್ರ, ಆಲ್ಡೋಲೇಸ್-ಎ ಏರ್ಯದ! ಆದ್ರ ಕೊಲೆಸ್ಟೆರಾಲ್ ಜೀನು ಇಳಿಯೋದು?

ಬಿದ್ರಿಕುಸುರಿ:
ಅದು ಖರೇನೇ ಅದ. 2005ರಾಗ ಕ್ರೂಟ್ಸ್‌ಫೆಲ್ಟ್ ಮತ್ತು ಜೊತೆಗಾರರು ಇಲಿಗಳಾಗ ಇದನ್ನ ಮಾಡಿದಾಗ ಕೊಲೆಸ್ಟೆರಾಲ್ ಜೀನುಗಳೂ ಇಳದಿದ್ದವು, ರಕ್ತದಾಗಿನ ಕೊಲೆಸ್ಟೆರಾಲೂ ಇಳದಿತ್ತು. ನೇರ ಹಿಡಿತ ಅಲ್ಲ, ನಡುವ ಬ್ಯಾರೆ ಜೀನುಗಳ ಕೈ ಇರ್ತದ. ಇಳದವುಗಳಾಗೂ ಅದೇ ಸಾಲು ಎಣಿಸ್ರಿ, ವ್ಯತ್ಯಾಸ ಕಾಣ್ತದ. ಈ ಭಾಗ ನನಗ ಬಾಳ ಸೇರ್ತದ. ಪ್ರಾಜೆಕ್ಟಿನಾಗ ಕಸ ಅಂತ ತಗೀಬ್ಯಾಡ್ರಿ.

ತೊಗರಿಹೊಲ:
ರಾತ್ರಿ ಕರೆಂಟ್ ಬಂದ ಮ್ಯಾಲ ಓಡಿಸಿದೆ. ಏರಿದವುಗಳಾಗ ಎಸಿಎಸಿಟಿಸಿಸಿ ತುಂಬ್ಯದ, ಇಳದವುಗಳಾಗ ಉಳಿದ ಜೀನುಗಳಿಗಿಂತಲೂ ಕಮ್ಮಿ ಅದ. ಇಳಿಕೆಗೆ ಬ್ಯಾರೆ ಅಧ್ಯಾಯ ಇಡ್ತೀನ್ರಿ.