ತಂಗಡಿ ಎಲೆ ಸಾರಕ್ಕೆ 17 ಮಿ.ಮೀ. ವಲಯ ಬಂದಿದೆ, ಎಷ್ಟು ನಂಬಬಹುದು?

ತುಂಬೆಹೂ, ಚಿತ್ರದುರ್ಗ
ಊರಾಚೆಯ ಬಯಲಿನಲ್ಲಿ ಕಿತ್ತ ತಂಗಡಿ ಎಲೆ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, 25 ಗ್ರಾಂಗೆ 250 ಮಿ.ಲೀ. ಮೆಥನಾಲ್ ಹಾಕಿ 48 ಗಂಟೆ ಶೇಕರ್ ಮೇಲಿಟ್ಟು ಸೋಸಿ, 40 ಡಿಗ್ರಿಯಲ್ಲಿ ಇಂಗಿಸಿದೆ. ಒಣಸಾರವನ್ನು ಡಿಎಂಎಸ್‌ಒ ದ್ರಾವಕದಲ್ಲಿ ಮಿ.ಲೀ.ಗೆ 100 ಮಿ.ಗ್ರಾಂನಂತೆ ಕರಗಿಸಿ, ಅಗಾರ್ ಮಾಧ್ಯಮದಲ್ಲಿ ಕೊರೆದ 6 ಮಿ.ಮೀ. ಬಾವಿಗೆ 50 ಮೈಕ್ರೋಲೀಟರ್ ಹಾಕಿದೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಮೇಲೆ 17 ಮಿ.ಮೀ. ವಲಯ (ಅದು ಬೆಳೆಯದೆ ಉಳಿದ ಜಾಗ), ಇ. ಕೋಲೈ ಮೇಲೆ ಏನೂ ಇಲ್ಲ. ನೀರಿನ ಕಷಾಯ ಎರಡರ ಮೇಲೂ ಸಪ್ಪೆ. 10 ಮೈಕ್ರೋಗ್ರಾಂ ಜೆಂಟಾಮೈಸಿನ್ (ಆ್ಯಂಟಿಬಯೋಟಿಕ್) ಡಿಸ್ಕ್ ಸ್ಟ್ಯಾಫ್ ಮೇಲೆ 22 ಮಿ.ಮೀ. ಕೊಟ್ಟಿದೆ. ಹಾಗಾದರೆ ಸಾರಕ್ಕೆ ಜೆಂಟಾಮೈಸಿನ್‌ನ ಮುಕ್ಕಾಲು ಪಾಲು ಶಕ್ತಿ ಇದೆ ಎನ್ನಬಹುದೇ? ಬಾವಿಯ ಸುತ್ತ ಒಂದು ಕಂದು ಉಂಗುರವೂ ಕಾಣುತ್ತಿದೆ.

ಅಗಾರ್‌ತಟ್ಟೆ, ದಾವಣಗೆರೆ
ದಯವಿಟ್ಟು ಹಾಗೆ ಬರೆಯಬೇಡಿ. ನಿಮ್ಮ ಬಾವಿಯಲ್ಲಿ ಇಳಿದದ್ದು 5 ಮಿ.ಗ್ರಾಂ ಸಾರ, ಡಿಸ್ಕ್‌ನಲ್ಲಿದ್ದದ್ದು 10 ಮೈಕ್ರೋಗ್ರಾಂ ಔಷಧ. 500 ಪಟ್ಟು ವ್ಯತ್ಯಾಸ. ಅದೂ ಅಲ್ಲದೆ ವಲಯ ಎಷ್ಟು ಅಗಲವಾಗುತ್ತದೆ ಅನ್ನೋದು ಶಕ್ತಿಯ ಮೇಲಷ್ಟೇ ನಿಂತಿಲ್ಲ, ವಸ್ತು ಅಗಾರ್‌ನಲ್ಲಿ ಎಷ್ಟು ದೂರ ಹರಡುತ್ತದೆ ಅನ್ನೋದರ ಮೇಲೂ ನಿಂತಿದೆ. ದೊಡ್ಡ ಅಣುಗಳು, ನೀರಿಗೆ ಒಗ್ಗದ ಜಿಡ್ಡಿನ ಅಣುಗಳು ಬಾವಿಯ ಅಂಚು ಬಿಟ್ಟು ಕದಲುವುದೇ ಕಷ್ಟ. ಡಿಸ್ಕ್ ಹಾಕುವುದು ಹೋಲಿಕೆಗಲ್ಲ, ತಟ್ಟೆ ಸರಿಯಿದೆಯೇ ನೋಡಲು: ಎಟಿಸಿಸಿ 25923 ಎಂಬ ಪ್ರಮಾಣಿತ ತಳಿಯ ಸ್ಟ್ಯಾಫ್‌ಗೆ ಜೆಂಟಾಮೈಸಿನ್ ವಲಯ 19ರಿಂದ 27 ಮಿ.ಮೀ. ಒಳಗೆ ಬರಬೇಕು. ನಿಮ್ಮದೂ ಅದೇ ತಳಿಯಾದರೆ 22 ಸರಿಯಾಗಿದೆ.

ಕಂದು ಉಂಗುರದ ಬಗ್ಗೆ ನನಗೆ ಹೆಚ್ಚು ಚಿಂತೆ. ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದದ್ದು ಟ್ಯಾನಿನ್ ಇರುವುದರಿಂದಲೇ. ಅದು ಪ್ರೋಟೀನ್ ಕಂಡಲ್ಲಿ ಹಿಡಿದುಕೊಳ್ಳುತ್ತದೆ, ಮಾಧ್ಯಮದ್ದನ್ನೂ ಬಿಡುವುದಿಲ್ಲ. ತಟ್ಟೆಯನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಒಳಗೆ ಮಬ್ಬು ಬಿಳಿ-ಕಂದು ಪಟ್ಟಿ, ಹೊರಗೆ ತಿಳಿಯಾದ ಪಟ್ಟಿ ಬೇರೆಬೇರೆ ಕಂಡರೆ ಒಳಗಿನದು ಗರಣೆ, ಅಂದರೆ ಟ್ಯಾನಿನ್ ಹಿಡಿದು ಗಟ್ಟಿಯಾದ ಪ್ರೋಟೀನ್. ಶೇ. 10 ಉಪ್ಪಿನ ನೀರಿನಲ್ಲಿ ಶೇ. 1 ಜೆಲಾಟಿನ್ ಕರಗಿಸಿ, ಸಾರದ ನೀರಿಗೆ ನಾಲ್ಕು ಹನಿ ಬಿಡಿ. ಬಿಳಿ ಗರಣೆ ಕಟ್ಟಿದರೆ ಟ್ಯಾನಿನ್ ಇದೆ. ಟ್ಯಾನಿನ್ ಹೀರಿಕೊಳ್ಳುವ ಪಿವಿಪಿಪಿ ಪುಡಿಯಲ್ಲಿ ಸಾರವನ್ನು ಕಲಸಿ ಸೋಸಿ ಮತ್ತೆ ಪರೀಕ್ಷಿಸಿ. ವಲಯ ಮಾಯವಾದರೆ ಅದು ಬಹುಶಃ ಟ್ಯಾನಿನ್ನಿನದೇ ಕೆಲಸ. ಮೊದಲ ತಟ್ಟೆ ತೋರಿಸಿದ್ದಕ್ಕಿಂತ ಇದು ದೊಡ್ಡ ಮಾಹಿತಿ.

ಕಷಾಯವನ್ನು ಒಣಗಿಸಿ ತೂಗಿದ್ದೀರಾ? ಇಲ್ಲದಿದ್ದರೆ ಅದರಲ್ಲಿ ಎಷ್ಟು ಸಾರ ಇತ್ತು ಅನ್ನೋದೇ ತಿಳಿಯದು, ಹೋಲಿಕೆಗೆ ಆಧಾರವಿಲ್ಲ. ಇ. ಕೋಲೈ ಸುಮ್ಮನಿದ್ದದ್ದು ವಿಚಿತ್ರವಲ್ಲ. ಅದರ ಹೊರಪೊರೆ ಬಹಳಷ್ಟು ಗಿಡದ ವಸ್ತುಗಳನ್ನು ಒಳಗೆ ಬಿಡುವುದಿಲ್ಲ.

ಡಿಎಂಎಸ್‌ಒ ಮಾತ್ರ ತುಂಬಿದ ಬಾವಿಯೊಂದು ಬೇಕೇ ಬೇಕು. ಎಲೆ ಹಾಕದೆ ಮೆಥನಾಲನ್ನಷ್ಟೇ ಇಂಗಿಸಿ, ಉಳಿದದ್ದನ್ನು ಡಿಎಂಎಸ್‌ಒದಲ್ಲಿ ತೆಗೆದ ಖಾಲಿ ಸಾರವೂ ಬೇಕು. 90 ಮಿ.ಮೀ. ತಟ್ಟೆಗೆ 25 ಮಿ.ಲೀ. ಸುರಿದರೆ ಸುಮಾರು 4 ಮಿ.ಮೀ. ದಪ್ಪ ಬರುತ್ತದೆ. ಬಾವಿ ಕೊರೆದ ಮೇಲೆ ತಳಕ್ಕೆ ಒಂದು ಹನಿ ಕರಗಿದ ಅಗಾರ್ ಬಿಡಿ, ಇಲ್ಲದಿದ್ದರೆ ಸಾರ ಅಗಾರ್ ಅಡಿಗೆ ನುಸುಳಿ ವಲಯ ಒಂದೇ ಕಡೆಗೆ ವಾಲುತ್ತದೆ.

ರೆಸಜ಼ೂರಿನ್‌ನೀಲಿ, ದಾವಣಗೆರೆ
ಮೇಲಿನದಕ್ಕೆ ನನ್ನ ಪೂರ್ಣ ಒಪ್ಪಿಗೆ. ವಲಯ ನೋಡಿ ಗಿಡ ಆರಿಸಿ, ಆದರೆ ಅಳೆಯುವುದು ಎಂಐಸಿಯಲ್ಲಿ, ಅಂದರೆ ಬೆಳವಣಿಗೆ ತಡೆಯುವ ಅತಿ ಕಡಿಮೆ ಸಾಂದ್ರತೆಯಲ್ಲಿ. 96 ಗುಂಡಿಯ ತಟ್ಟೆಯ ಪ್ರತಿ ಗುಂಡಿಗೆ 100 ಮೈಕ್ರೋಲೀಟರ್ ಮ್ಯುಲರ್-ಹಿಂಟನ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಹಾಕಿ. ನಿಮ್ಮ 100 ಮಿ.ಗ್ರಾಂ ಸಾರವನ್ನು ಬ್ರಾತ್‌ನಲ್ಲಿ 25 ಪಟ್ಟು ತೆಳು ಮಾಡಿದರೆ ಮಿ.ಲೀ.ಗೆ 4 ಮಿ.ಗ್ರಾಂ, ಡಿಎಂಎಸ್‌ಒ ಶೇ. 4. ಅದರ 100 ಮೈಕ್ರೋಲೀಟರನ್ನು ಮೊದಲ ಗುಂಡಿಗೆ ಹಾಕಿ ಬೆರೆಸಿ, ಅಲ್ಲಿಂದ 100 ಮುಂದಿನದಕ್ಕೆ, ಹೀಗೆ ಅರ್ಧರ್ಧ ಇಳಿಸುತ್ತಾ ಹೋಗಿ ಕೊನೆಯದರಿಂದ 100 ಚೆಲ್ಲಿ. ಬ್ಯಾಕ್ಟೀರಿಯಾದ 0.5 ಮ್ಯಾಕ್‌ಫಾರ್ಲೆಂಡ್ ಮಬ್ಬನ್ನು, ಅಂದರೆ 625 ನ್ಯಾನೋಮೀಟರ್ ಬೆಳಕಿನಲ್ಲಿ 0.08–0.13 ಓಡಿ (ಮಬ್ಬಿನ ಅಳತೆ) ಇರುವುದನ್ನು, 150 ಪಟ್ಟು ತೆಳು ಮಾಡಿ ಗುಂಡಿಗೆ 100 ಮೈಕ್ರೋಲೀಟರ್ ಸೇರಿಸಿ. ಮಿ.ಲೀ.ಗೆ ಸುಮಾರು 5 ಲಕ್ಷ ಜೀವಕೋಶ ಆಗುತ್ತದೆ. ಮೊದಲ ಗುಂಡಿಯಲ್ಲಿ ಈಗ ಸಾರ ಮಿ.ಲೀ.ಗೆ 1 ಮಿ.ಗ್ರಾಂ, ಡಿಎಂಎಸ್‌ಒ ಶೇ. 1.

35 ಡಿಗ್ರಿಯಲ್ಲಿ 18 ಗಂಟೆ ಇಟ್ಟು, ಶೇ. 0.015 ರೆಸಜ಼ೂರಿನ್ ಎಂಬ ನೀಲಿ ಬಣ್ಣ 30 ಮೈಕ್ರೋಲೀಟರ್ ಹಾಕಿ 2ರಿಂದ 4 ಗಂಟೆ ಕಾಯಿರಿ. ಬದುಕಿದ ಬ್ಯಾಕ್ಟೀರಿಯಾ ನೀಲಿಯನ್ನು ಗುಲಾಬಿ ಮಾಡುತ್ತದೆ. ಸಾರವೇ ಹಸಿರು-ಕಂದಾಗಿದ್ದಾಗ ಮಬ್ಬು ಕಣ್ಣಿಗೆ ಕಾಣದು, ಅದಕ್ಕೇ ಈ ಬಣ್ಣ. ಆದರೆ ಇಲ್ಲೂ ಮೋಸ ಹೋಗಬಹುದು: ಫೀನಾಲುಗಳೇ ಬಣ್ಣವನ್ನು ಗುಲಾಬಿ ಮಾಡಿಬಿಡುತ್ತವೆ. ಸಾರ, ಬ್ರಾತ್, ಬಣ್ಣ ಇದ್ದು ಬ್ಯಾಕ್ಟೀರಿಯಾ ಇಲ್ಲದ ಸಾಲೊಂದನ್ನು ಬಿಡಲೇಬೇಡಿ. ನೀಲಿಯಾಗಿ ಉಳಿದ ಕೊನೆಯ ಗುಂಡಿಯೇ ಎಂಐಸಿ. ಕಚ್ಚಾ ಸಾರಕ್ಕೆ ಮಿ.ಲೀ.ಗೆ 100 ಮೈಕ್ರೋಗ್ರಾಂ ಅಥವಾ ಕಡಿಮೆ ಬಂದರೆ ಮುಂದುವರಿಯಲು ಯೋಗ್ಯ, 1 ಮಿ.ಗ್ರಾಂ ದಾಟಿದರೆ ಆ ಗಿಡದ ಹಿಂದೆ ವರ್ಷ ಕಳೆಯಬೇಡಿ ಅನ್ನುತ್ತೇನೆ. ಕೊಲ್ಲುತ್ತದೋ ಬೆಳವಣಿಗೆ ತಡೆಯುತ್ತದೋ ತಿಳಿಯಬೇಕಾದರೆ ಬಣ್ಣ ಹಾಕುವ ಮೊದಲೇ ಒಂದೊಂದು ಗುಂಡಿಯಿಂದ 10 ಮೈಕ್ರೋಲೀಟರ್ ಖಾಲಿ ಅಗಾರ್ ಮೇಲೆ ಚುಕ್ಕಿ ಇಡಿ.

ಡಿಎಂಎಸ್‌ಒ ಸಾರವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸುವುದಾದರೆ ನೈಲಾನ್ ಅಥವಾ ಪಿಟಿಎಫ್‌ಇ ತೆಗೆದುಕೊಳ್ಳಿ. ಸೆಲ್ಯುಲೋಸ್ ಅಸಿಟೇಟ್ ಡಿಎಂಎಸ್‌ಒದಲ್ಲಿ ಕರಗಿ ಸಾರಕ್ಕೇ ಬೆರೆಯುತ್ತದೆ.

ಜೋಳದರಾಶಿ, ಚಿತ್ರದುರ್ಗ
ಒಂದು ಮಾತು ಗಿಡದ ಬಗ್ಗೆ. ಆವರಿಕೆ ಅಂದರೂ ತಂಗಡಿಯೇ, ಆದರೆ ನೆಲಾವರಿಕೆ ಬೇರೆ ಗಿಡ. ಹೂವು, ಕಾಯಿ ಸಮೇತ ಒಂದು ಕೊಂಬೆ ಒತ್ತಿ ಹರ್ಬೇರಿಯಂ ಹಾಳೆ ಮಾಡಿ, ಕಿತ್ತ ದಿನ, ಜಾಗ ಬರೆದಿಡಿ. ಮಳೆ ಬಿದ್ದ ಮೇಲಿನ ಚಿಗುರಿಗೂ ಬೇಸಿಗೆಯ ಎಲೆಗೂ ಸಾರ ಒಂದೇ ಇರುವುದಿಲ್ಲ. ಮುಂದೆ ಬಂದರಿಕೆ, ಲಕ್ಕಿ ಗಿಡ ನೋಡುವ ಯೋಚನೆ ಇದ್ದರೆ ಜೋಗಿಮಟ್ಟಿ ಕಾಡಿಗೆ ನುಗ್ಗಬೇಡಿ, ಅಲ್ಲಿ ಕೀಳಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಲದ ಬದುವಿನಲ್ಲೇ ಸಿಗುತ್ತವೆ.

ತುಂಬೆಹೂ, ಚಿತ್ರದುರ್ಗ
ತಳಿ 25923 ಹೌದು. ಕಷಾಯ ಒಣಗಿಸಿರಲಿಲ್ಲ, ಖಾಲಿ ಸಾರದ ಬಾವಿಯೂ ಇರಲಿಲ್ಲ. ಜೆಲಾಟಿನ್ ಹನಿಗೆ ಈಗಷ್ಟೇ ಬಿಳಿ ಗರಣೆ ದಟ್ಟವಾಗಿ ಕಟ್ಟಿತು. ಪಿವಿಪಿಪಿ ಎಷ್ಟು ಹಾಕಲಿ?

ಅಗಾರ್‌ತಟ್ಟೆ, ದಾವಣಗೆರೆ
ಸಾರವನ್ನು ನೀರು ಬೆರೆತ ಮೆಥನಾಲ್‌ನಲ್ಲಿ ಕರಗಿಸಿ, ಮಿ.ಲೀ.ಗೆ 50 ಮಿ.ಗ್ರಾಂ ಪಿವಿಪಿಪಿಯಿಂದ ಶುರು ಮಾಡಿ. 4 ಡಿಗ್ರಿಯಲ್ಲಿ ಅರ್ಧ ಗಂಟೆ ಅಲುಗಾಡಿಸಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಗೆ ಜೆಲಾಟಿನ್ ಹನಿ ಬಿಡಿ. ಗರಣೆ ಕಟ್ಟುವುದು ನಿಲ್ಲುವವರೆಗೆ ಹೊಸ ಪುಡಿ ಹಾಕುತ್ತಾ ಹೋಗಿ. ತಿಳಿಯನ್ನು ಮತ್ತೆ ಒಣಗಿಸಿ, ತೂಗಿ, ಆಮೇಲೆ ಡಿಎಂಎಸ್‌ಒ.