ಹೊಸ ಮನೆಯೋ, ಬಾಳಿದ ಮನೆಯೋ? ಎಂಜಿನಿಯರ್ ಮೇಡಂ ಅವರನ್ನು ಕೇಳಿ

ನಿರ್ವಾಹಕರು: ಕಟ್ಟಡಗಳ ಪರೀಕ್ಷೆ ಮಾಡುವ ಸಿವಿಲ್ ಎಂಜಿನಿಯರ್ ಮೇಡಂ ಇಂದು ಗುಂಪಿನಲ್ಲಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಮೊದಲ ಮನೆ: ನಮಸ್ಕಾರ ಮೇಡಂ. ಈಗಷ್ಟೇ ಕಟ್ಟಿದ ಮನೆ ಕೊಳ್ಳುವುದು ಒಳ್ಳೆಯದೋ, ಯಾರೋ ಬಾಳಿದ ಮನೆಯೋ?

ಎಂಜಿನಿಯರ್: ನಮಸ್ಕಾರ. ಬರೀ ವಯಸ್ಸು ಕೇಳಿ ಹೇಳಲಾಗದು. ಹಳೆಯ ಮನೆ ಹತ್ತಾರು ಮಳೆಗಾಲ ಕಂಡಿರುತ್ತದೆ. ಎಲ್ಲಿ ಸೋರುತ್ತದೆ, ಎಲ್ಲಿ ಕುಸಿದಿದೆ ಎಂಬುದು ಗೋಡೆಯ ಮೇಲೆಯೇ ಗೊತ್ತಾಗುತ್ತದೆ. ಹೊಸ ಮನೆಯಲ್ಲಿ ನಿಮಗೆ ಕಾಣುವುದು ಬಣ್ಣ ಮಾತ್ರ. ಹೊಸದಾದರೆ ನಕ್ಷೆಗಳನ್ನೂ ಪ್ಲಾಸ್ಟರ್ ಆಗುವ ಮುಂಚಿನ ಫೋಟೊಗಳನ್ನೂ ಕೇಳಿ. ಹಳೆಯದಾದರೆ ಜೋರು ಮಳೆ ಬಂದ ಮರುದಿನ ಹೋಗಿ ನೋಡಿ. ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೆ ಅದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ.

ಬಿಳಿ ಗೋಡೆ: ಹೊಸ ಮನೆಗೆ ಬಂದು ಆರು ತಿಂಗಳಾಯಿತು. ಪಿಲ್ಲರ್‌ಗೆ ಗೋಡೆ ಸೇರುವ ಕಡೆ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಂಥ ಬಿರುಕು. ಮೋಸ ಹೋದೆವೇ?

ಎಂಜಿನಿಯರ್: ಗಾಬರಿ ಬೇಡ. ಕಾಂಕ್ರೀಟ್ ಮತ್ತು ಇಟ್ಟಿಗೆ ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಆ ಸಂದಿಗೆ ತಂತಿಬಲೆ ಹೊಡೆದು ಪ್ಲಾಸ್ಟರ್ ಮಾಡಬೇಕಿತ್ತು, ಮಾಡಿಲ್ಲ. ಹೊಸ ಮನೆ ಒಣಗಲು ತಿಂಗಳುಗಟ್ಟಲೆ ಬೇಕು. ಒಂದು ವರ್ಷ ಕಳೆಯಲಿ, ಆಮೇಲೆ ಸರಿಪಡಿಸಿ. ಬಿರುಕು ಅಗಲವಾಗುತ್ತಿದ್ದರೆ ಮಾತ್ರ ಕಾಯಬೇಡಿ.

ತಾರಸಿ ತೋಟ: ಬೇರೆ ಗುಂಪಿನಲ್ಲಿ ಬಂದದ್ದು, ಎಲ್ಲರಿಗೂ ಉಪಯೋಗ. ‘ಗೋಡೆಗೆ ಮೊಳೆ ಹೊಡೆಯಿರಿ, ಮೊಳೆ ಬಾಗಿದರೆ ಮನೆ ನೂರು ವರ್ಷ ಬಾಳುತ್ತದೆ. ತೇವವಿದ್ದರೆ ಬಟ್ಟಲಲ್ಲಿ ಉಪ್ಪು ಇಡಿ, ಮೂರೇ ದಿನದಲ್ಲಿ ಗೋಡೆ ಒಣಗುತ್ತದೆ.’

ಎಂಜಿನಿಯರ್: ಮೊಳೆ ಬಾಗಿದರೆ ಮೊಳೆ ಮೆದು, ಇಲ್ಲವೇ ಹೊಡೆದವರ ಕೈ ಓರೆ. ಉಪ್ಪು ಕೋಣೆಯ ಗಾಳಿಯಲ್ಲಿರುವ ತೇವವನ್ನು ಒಂದಿಷ್ಟು ಹೀರೀತು, ನೆಲದಿಂದ ಗೋಡೆಗೆ ಏರುವ ನೀರನ್ನು ತಡೆಯುವುದಿಲ್ಲ. ಇದನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಕಿಟಕಿ ಪಕ್ಕ: ಮೇಡಂ, ಬಾಗಿಲ ಚೌಕಟ್ಟಿನಲ್ಲಿ ಗೆದ್ದಲು ಇರುವ ಹಳೆಯ ಮನೆ ಕೊಳ್ಳಬಹುದೇ?

ಮಹಡಿ ಮೆಟ್ಟಿಲು: ನಮ್ಮದು ಸಣ್ಣ ಪ್ರಶ್ನೆ. 30 ವರ್ಷ ಹಳೆಯ, ಎರಡು ಅಂತಸ್ತಿನ ಮನೆ ಒಪ್ಪಿಗೆಯಾಗಿದೆ. ಮುಂದಿನ ವಾರ ಮುಂಗಡ ಕೊಡುತ್ತೇವೆ. ಹಜಾರ ದೊಡ್ಡದಾಗಲಿ ಎಂದು ಮಾಲೀಕರು ಎರಡು ವರ್ಷದ ಹಿಂದೆ ಕೆಳಗಿನ ಒಂದು ಗೋಡೆ ತೆಗೆಸಿದರಂತೆ. ಮಹಡಿಯ ಕೋಣೆಯ ಬಾಗಿಲು ಮಾತ್ರ ಬಿಗಿ. ಬಡಗಿಯಿಂದ ಹೆರೆಸಿದರೆ ಸಾಕೇ?

ಎಂಜಿನಿಯರ್: ಹೆರೆಸಬೇಡಿ. ಮುಂಗಡವನ್ನೂ ಸದ್ಯಕ್ಕೆ ಕೊಡಬೇಡಿ. ಇದು ಸಣ್ಣ ಪ್ರಶ್ನೆಯಲ್ಲ.

ಮಳೆಗಾಲಕ್ಕೆ ಉಬ್ಬಿದ ಬಾಗಿಲು ಸಾಮಾನ್ಯವಾಗಿ ಅಂಚಿನುದ್ದಕ್ಕೂ ತಿಕ್ಕುತ್ತದೆ, ಬೇಸಿಗೆಯಲ್ಲಿ ತಾನೇ ಸಡಿಲವಾಗುತ್ತದೆ. ಒಂದೇ ಮೂಲೆಯಲ್ಲಿ ಕಚ್ಚಿಕೊಂಡು, ತಿಂಗಳಿಂದ ತಿಂಗಳಿಗೆ ಬಿಗಿಯಾಗುತ್ತಿದ್ದರೆ ಚೌಕಟ್ಟೇ ಓರೆಯಾಗುತ್ತಿರಬಹುದು. ಟೇಪ್ ಹಿಡಿದು ಚೌಕಟ್ಟಿನ ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಅಳೆಯಿರಿ, ಆಮೇಲೆ ಬಲ ಮೇಲ್ಮೂಲೆಯಿಂದ ಎಡ ಕೆಳಮೂಲೆಗೆ. ಎರಡೂ ಅಳತೆ ಒಂದೇ ಬರಬೇಕು.

ತೆಗೆದ ಗೋಡೆ ಬರೀ ಅಡ್ಡಗೋಡೆಯೋ, ಮೇಲಿನ ಭಾರ ಹೊತ್ತದ್ದೋ? 9 ಅಂಗುಲದ್ದಾದರೆ ಅನುಮಾನ ಹೆಚ್ಚು, ಆದರೆ ದಪ್ಪವೊಂದನ್ನೇ ನಂಬಬೇಡಿ. ಅದರ ನೇರಕ್ಕೆ ಮಹಡಿಯಲ್ಲೂ ಗೋಡೆ ಇದೆಯೇ? ತೆಗೆದ ಜಾಗದಲ್ಲಿ ಬೀಮ್ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಅದರ ಎರಡು ತುದಿಗಳು ಯಾವುದರ ಮೇಲೆ ಕೂತಿವೆ? ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆ ಬಿಚ್ಚಿಸಿ ನೋಡಿ.

ಬಾಗಿಲಿನ ಮೇಲ್ಮೂಲೆಯಿಂದ ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲಿನಂತೆ ಓರೆಯಾಗಿ ಏರುವ ಬಿರುಕಿದೆಯೇ? ಇದ್ದರೆ ಅದರ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ, ಎರಡು ಬದಿಗೂ ಹಿಡಿಯುವಂತೆ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಒಡೆಯದಿದ್ದರೂ ಎಂಜಿನಿಯರ್ ಒಬ್ಬರು ಸ್ಥಳಕ್ಕೆ ಹೋಗಿ ನೋಡಲೇಬೇಕು, ಫೋಟೊ ನೋಡಿ ಯಾರೂ ಭರವಸೆ ಕೊಡಲಾರರು.

ಇನ್ನೊಂದು: ಆ ಕೋಣೆಯಲ್ಲಿ ಈಗ ಯಾರು ಮಲಗುತ್ತಾರೆ?

ಹಳೇ ತೊಲೆ: ಹಿಂದಿನವರು ಕಟ್ಟಿದ ಮನೆ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಮೇಡಂ ಸುಮ್ಮನೆ ಹೆದರಿಸುತ್ತಿದ್ದಾರೆ.

ಬಿಳಿ ಗೋಡೆ: ಹಿಂದಿನವರು ಕಟ್ಟಿದ್ದನ್ನು ಇಂದಿನವರು ಒಡೆದಿದ್ದಾರಲ್ಲ ಸ್ವಾಮಿ. ಪ್ರಶ್ನೆ ಓದಿದಿರಾ?

ಹಳೇ ತೊಲೆ: ಆರು ತಿಂಗಳಿಗೇ ಬಿರುಕು ಬಿಟ್ಟ ಮನೆಯಲ್ಲಿ ಕುಳಿತು ನೀವು ನಮಗೆ ಪಾಠ ಹೇಳಬೇಡಿ.

ಬಿಳಿ ಗೋಡೆ: ನಿಮ್ಮ ಮನೆ ಮಾರಾಟಕ್ಕಿದೆ ಎಂದು ಹೋದ ತಿಂಗಳು ಇಲ್ಲಿಯೇ ಹಾಕಿದ್ದಿರಿ. ಈ ಪ್ರೀತಿ ಎಲ್ಲಿಂದ ಬಂತೆಂದು ಗೊತ್ತು.

ಎಂಜಿನಿಯರ್: ಹಿಂದೆಯೂ ಕೆಟ್ಟದಾಗಿ ಕಟ್ಟಿದವರಿದ್ದರು. ಅವರು ಕಟ್ಟಿದ್ದರಲ್ಲಿ ಬಹಳಷ್ಟು ಬಿದ್ದು ಹೋಗಿವೆ, ಅದಕ್ಕೇ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಜಗಳವನ್ನು ಬೇರೆ ಕಡೆ ಮಾಡಿಕೊಳ್ಳಿ.

ಒಳಚಾವಣಿ: ನೋಡಿದ ಹಳೆಯ ಮನೆಯ ಬಚ್ಚಲಿನ ಚಾವಣಿಯಲ್ಲಿ ಕಬ್ಬಿಣದ ಸರಳು ಕಾಣುತ್ತಿದೆ. ಸಿಮೆಂಟ್ ಮೆತ್ತಿ ಬಣ್ಣ ಹೊಡೆದರೆ?

ಎಂಜಿನಿಯರ್: ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಮೇಲೆ ಮೆತ್ತಿದ್ದು ಉದುರುತ್ತದೆ. ಸರಳು ಎಷ್ಟು ಸವೆದಿದೆ, ನೀರು ಎಲ್ಲಿಂದ ಬರುತ್ತಿದೆ ಎಂದು ಪರೀಕ್ಷೆ ಮಾಡಿಸದೆ ಬೆಲೆ ಮಾತಾಡಬೇಡಿ.

ಹೊಸ ಸದಸ್ಯ: ಮೇಡಂ, ಹೊಸ ಮನೆ ಒಳ್ಳೆಯದೋ ಹಳೆಯದೋ?

ಎಂಜಿನಿಯರ್: ಮೇಲೆ ಓದಿ.

ತಾರಸಿ ತೋಟ: ಬಿರುಕಿಗೆ ಬಿಳಿ ಸಿಮೆಂಟನ್ನು ಅಂಟಿನಲ್ಲಿ ಕಲಸಿ ತುಂಬಿದರೆ ಗೋಡೆ ಮೊದಲಿಗಿಂತ ಗಟ್ಟಿಯಾಗುತ್ತದೆಂದು ವೀಡಿಯೊ ಬಂದಿದೆ. ಕಳಿಸಲೇ?

ಎಂಜಿನಿಯರ್: ಬೇಡ. ಅದರಿಂದ ಬಿರುಕು ಮುಚ್ಚುತ್ತದೆ, ಕಾರಣ ಹಾಗೆಯೇ ಇರುತ್ತದೆ. ಮನೆ ನೋಡಲು ಬರುವವರಿಗೆ ಏನೂ ಕಾಣದಂತಾಗುತ್ತದೆ, ಅಷ್ಟೇ ಅದರ ಉಪಯೋಗ. ಇಂಥದ್ದು ಇನ್ನೊಂದು ಬಂದರೆ ನಾನು ಗುಂಪು ಬಿಡುತ್ತೇನೆ.

ಹೊಸ ಸದಸ್ಯ: ಓದಿದೆ ಮೇಡಂ. ಒಂದೇ ಮಾತಿನಲ್ಲಿ ಹೇಳಿ.

ಕಿಟಕಿ ಪಕ್ಕ: ಗೆದ್ದಲಿನ ಬಗ್ಗೆ ಕೇಳಿದ್ದೆ...

ಮಹಡಿ ಮೆಟ್ಟಿಲು: ಮೇಡಂ, ಇವತ್ತು ಟೇಪ್ ಹಿಡಿದು ಹೋಗಿದ್ದೆವು. ಎರಡು ಅಳತೆಗೆ 14 ಮಿಲಿಮೀಟರ್ ವ್ಯತ್ಯಾಸ. ಬಾಗಿಲು ಈಗ ಸಲೀಸಾಗಿ ಮುಚ್ಚುತ್ತದೆ, ಮಾಲೀಕರು ನಿನ್ನೆಯೇ ಹೆರೆಸಿದ್ದಾರೆ. ಹೆರೆದದ್ದು ಮೇಲಿನ ಒಂದು ಮೂಲೆಯನ್ನು ಮಾತ್ರ. ಕೋಣೆಗೆ ಹೊಸ ಬಣ್ಣವೂ ಆಗಿದೆ, ಬಿರುಕು ಏನೂ ಕಾಣಲಿಲ್ಲ. ಅಲ್ಲಿ ಮಾಲೀಕರ ತಾಯಿ ಮಲಗುತ್ತಾರಂತೆ.

ಎಂಜಿನಿಯರ್: ಅವರನ್ನು ಇಂದು ರಾತ್ರಿ ಆ ಕೋಣೆಯಲ್ಲಿ ಮಲಗಿಸುವುದು ಬೇಡ, ಕೆಳಗಿನ ಹಜಾರದಲ್ಲೂ ಬೇಡ. ಮೊದಲು ಹಜಾರದಲ್ಲಿ ತಾತ್ಕಾಲಿಕ ಆಸರೆ ಕೊಡಿಸಬೇಕೇ ಎಂದು ನೋಡಬೇಕು. ಮಾಲೀಕರಿಗೆ ನಾನೇ ಹೇಳುತ್ತೇನೆ, ಅವರನ್ನು ಕೇಳಿ ನನಗೊಂದು ಕರೆ ಮಾಡಿಸಿ. ಉಳಿದವರ ಪ್ರಶ್ನೆಗಳು ಕಾಯಲಿ.